ಯಾರ ಬಣ್ಣವೂ ಇಲ್ಲದ ಕೇಬಲ್

ಆಸ್ಪತ್ರೆಯ ಹಿಂಬಾಗಿಲಿನವರೆಲ್ಲ ಅವಳನ್ನು ಎದುರಿಗೆ ಲಾಂಡ್ರಿ ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಸಿಡಿಲಕ್ಕ ಅನ್ನುತ್ತಿದ್ದರು. ಎರಡನೆಯ ಹೆಸರು ಅವಳ ಕಿವಿಗೆ ಬಿದ್ದಿರಲಿಲ್ಲ ಎಂದೇನಿಲ್ಲ. ಬಿದ್ದಿತ್ತು, ಹಿಡಿಸಿಯೂ ಇತ್ತು. ಲಾಂಡ್ರಿ ಅಕ್ಕ ಯಾರು ಬೇಕಾದರೂ ಆಗಬಹುದು. ಸಿಡಿಲಕ್ಕ ಅನ್ನಿಸಿಕೊಳ್ಳಬೇಕಾದರೆ ವರ್ಷಗಟ್ಟಲೆ ಬಾಯಿ ಸವೆಸಬೇಕು. ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿದವರಿಗೆ, ಕೊಳೆ ಗಂಟನ್ನು ಒಗೆದ ಗಂಟಿನ ಮೇಲೆ ಎಸೆದವರಿಗೆ, ‘ಪಾಪ, ಕಾಲು’ ಎಂದು ಕರಗಿದ ದನಿಯಲ್ಲಿ ತೋಳು ಹಿಡಿಯಲು ಬಂದವರಿಗೆ ಅವಳ ಬಳಿ ಬೇರೆ ಬೇರೆ ಬೈಗುಳಗಳಿದ್ದವು. ಮೂರನೆಯವರಿಗೆ ಇಟ್ಟುಕೊಂಡದ್ದು ಎಲ್ಲಕ್ಕಿಂತ ಖಾರದ್ದು.

ಅವಳ ಎಡಗಾಲು ಮಂಡಿಯಲ್ಲಿ ಮಡಚುತ್ತಿರಲಿಲ್ಲ. ನಡೆಯುವಾಗ ಕೋಲು, ಕೂತಾಗ ಆ ಕಾಲು ಮುಂದಕ್ಕೆ ಚಾಚಿಕೊಂಡೇ ಇರಬೇಕು. ಅಂಥವಳು ವ್ಯಾನು ಓಡಿಸಿ ಬದುಕುತ್ತಿದ್ದಳೆಂದರೆ ಅದಕ್ಕೆ ಕಾರಣ ಆ ವ್ಯಾನಿನ ಗೇರ್‌ಬಾಕ್ಸು. ಅದು ತಾನೇ ಗೇರು ಬದಲಿಸುವ ಆಟೊಮ್ಯಾಟಿಕ್. ಎಡಗಾಲಿಗೆ ಒತ್ತಲು ಕ್ಲಚ್ಚೇ ಇಲ್ಲ. ಬಲಗಾಲೊಂದೇ ಎರಡು ಪೆಡಲುಗಳ ಸಂಸಾರವನ್ನೂ ನೋಡಿಕೊಳ್ಳುತ್ತಿತ್ತು. ಬೆಳಿಗ್ಗೆ ದಿಬ್ಬದ ಮೇಲಿನ ಆಸ್ಪತ್ರೆಯಿಂದ ಹಾಸು, ಹೊದಿಕೆ, ಆಪರೇಷನ್ ಕೋಣೆಯ ನಿಲುವಂಗಿಗಳನ್ನು ಗಂಟು ಕಟ್ಟಿಸಿಕೊಂಡು ಕೆಳಗಿನ ಲಾಂಡ್ರಿಗೆ ಇಳಿಸುವುದು, ಮಧ್ಯಾಹ್ನದ ಮೇಲೆ ಒಗೆದು ಹಿಂಡಿದ್ದನ್ನು ಮೇಲಕ್ಕೆ ಸಾಗಿಸುವುದು. ಒಣಗಿಸಿ ಇಸ್ತ್ರಿ ಮಾಡುವ ಯಂತ್ರಗಳು ಆಸ್ಪತ್ರೆಯಲ್ಲೇ ಇದ್ದುದರಿಂದ ಮೇಲಕ್ಕೆ ಹೋಗುವ ಬಟ್ಟೆ ಯಾವಾಗಲೂ ಹಸಿ, ಹೆಣಭಾರ. ವ್ಯಾನಿನ ಮುಂದಿನ ಗೂಡಿನಲ್ಲಿ ಒಂದು ಕಪ್ಪು ಮಸಿಯ ಶೀಶೆ ಸದಾ ಇರುತ್ತಿತ್ತು. ಗುರುತು ಅಳಿಸಿಹೋದ ಹಾಸು ಕಂಡರೆ ಅಲ್ಲೇ ಅಂಚಿಗೆ ವಾರ್ಡಿನ ಗುರುತು ಹಾಕಲು. ಎಷ್ಟು ಕುದಿಸಿದರೂ ಹೋಗದ ಮಸಿ ಅದು. ಅವಳ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಅದು ಶಾಶ್ವತವಾಗಿ ಮನೆ ಮಾಡಿತ್ತು.

ಕಾಲು ಹೀಗಾದದ್ದು ಹೇಗೆಂದು ಅವಳನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗಂಡ ಮೋಟಾರ್‌ಬೈಕು ಓಡಿಸುತ್ತಿದ್ದ, ಹಿಂದೆ ಇವಳು ಕೂತಿದ್ದಳು, ತಿರುವಿನಲ್ಲಿ ಬೈಕು ಜಾರಿತು. ಅವನಿಗೆ ಮೊಣಕೈ ತರಚಿತು, ಇವಳ ಮಂಡಿ ಬೈಕಿನ ಕೆಳಗೆ ಸಿಕ್ಕಿ ಪುಡಿಯಾಯಿತು. ಅಷ್ಟಾಗಿದ್ದರೆ ಅಪಘಾತ ಎಂದು ಸುಮ್ಮನಾಗುತ್ತಿದ್ದಳೇನೊ. ಆದರೆ ಆಸ್ಪತ್ರೆಯಲ್ಲಿ ನೋಡಲು ಬಂದ ಒಬ್ಬೊಬ್ಬರಿಗೂ ಅವನು ಒಂದೇ ಮಾತು ಹೇಳಿದ: ತಿರುವಿನಲ್ಲಿ ಇವಳು ಕಾಲು ಸರಿಯಾಗಿ ಇಟ್ಟುಕೊಂಡಿರಲಿಲ್ಲ, ಆ ಕಡೆ ವಾಲಿದಳು, ಅದಕ್ಕೇ ಬೈಕು ಹಿಡಿತ ತಪ್ಪಿತು. ಇವಳು ಇದೇ ಆಸ್ಪತ್ರೆಯ ಹಾಸಿನ ಮೇಲೆ ಕಾಲು ಕಟ್ಟಿಸಿಕೊಂಡು ಮಲಗಿ, ಕಣ್ಣು ಮುಚ್ಚಿಕೊಂಡು ಅದನ್ನು ಕೇಳಿದಳು. ಅವಳು ಎಲ್ಲಿಗೂ ವಾಲಿರಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ದಿನ ಗಂಡನ ಮನೆಗೆ ಹೋಗದೆ ಸೀದಾ ತಮ್ಮನ ಮನೆಯ ಮಹಡಿ ಕೋಣೆಗೆ ಬಂದಳು. ಗಂಡ ಕರೆಯಲೂ ಬರಲಿಲ್ಲ. ಅಲ್ಲಿಗೆ ಮುಗಿಯಿತು.

ತಮ್ಮನೂ ಅವನ ಭಾವನಾದ ಇವಳ ಗಂಡನೂ ಅಲ್ಲಿಯವರೆಗೆ ಒಂದೇ ಗಾಡಿ ರಿಪೇರಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ತಮ್ಮ ಎಂಜಿನ್ನಿನವನು, ಭಾವ ವೈರಿನವನು. ಅಕ್ಕ ಮನೆಗೆ ಬಂದಮೇಲೆ ಶೆಡ್ಡು ಎರಡಾಯಿತು. ಮೊದಮೊದಲು ತಮ್ಮ ಅವನನ್ನು ಅಕ್ಕನ ಪರವಾಗಿ ದ್ವೇಷಿಸಿದ. ಆಮೇಲೆ ಗಿರಾಕಿಗಳನ್ನು ಕಿತ್ತುಕೊಳ್ಳುವ ಜಗಳದಲ್ಲಿ ದ್ವೇಷ ಸ್ವಂತ ಕಾಲ ಮೇಲೆ ನಿಂತುಕೊಂಡಿತು, ಅಕ್ಕನ ನೆಪವೂ ಬೇಕಾಗಲಿಲ್ಲ. ಅದೇ ರಸ್ತೆಯ ಈ ತುದಿಯಲ್ಲಿ ಒಬ್ಬ, ಆ ತುದಿಯಲ್ಲಿ ಒಬ್ಬ. ಎದುರಿಗೆ ಸಿಕ್ಕರೆ ಒಬ್ಬ ರಸ್ತೆ ದಾಟುತ್ತಿದ್ದ, ಇನ್ನೊಬ್ಬ ಉಗುಳುತ್ತಿದ್ದ.

ವ್ಯಾನಿನ ಹಳೆಯ ಪೆಟ್ರೋಲ್ ಎಂಜಿನ್ನು ಒಂದು ದಿನ ಆಸ್ಪತ್ರೆಯ ಗೇಟಿನಲ್ಲೇ ಕೆಮ್ಮಿ ಪ್ರಾಣ ಬಿಟ್ಟಾಗ ತಮ್ಮ ತಾನಾಗಿ ಮುಂದೆ ಬಂದ. ಗುಜರಿಯಲ್ಲಿ ಒಂದು ಗಟ್ಟಿ ಡೀಸೆಲ್ ಎಂಜಿನ್ ನೋಡಿದ್ದೇನೆ, ಕೂರಿಸಿಕೊಡುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದ. ಅವಳಿಗೆ ಸ್ವಲ್ಪ ಅನುಮಾನ ಬಂತು. ತಮ್ಮ ಅಷ್ಟು ಸಿಹಿಯಾಗಿ ಮಾತಾಡಿದ್ದು ಅವಳ ನೆನಪಿನಲ್ಲಿ ಇರಲಿಲ್ಲ. ಆದರೂ ಒಪ್ಪಿದಳು. ಒಪ್ಪದೆ ಮಾಡುವುದೇನಿತ್ತು.

ಎಂಜಿನ್ ಕೂತಿತು, ಹೊಡೆದ ಮೊದಲ ಸ್ಟಾರ್ಟಿಗೇ ಗುಡುಗುಡು ಎಂದಿತು. ಆಗ ತಮ್ಮ ಕೈ ಒರೆಸಿಕೊಳ್ಳುತ್ತ ನಿಜವಾದ ಮಾತು ತೆಗೆದ. ಹಳೆಯ ಎಂಜಿನ್ನು ವೈರುಗಳ ಮೂಲಕ ಗೇರ್‌ಬಾಕ್ಸಿಗೆ ಎಲ್ಲವನ್ನೂ ಹೇಳುತ್ತಿತ್ತು: ಎಷ್ಟು ವೇಗದಲ್ಲಿ ತಿರುಗುತ್ತಿದ್ದೇನೆ, ಕಾಲು ಎಷ್ಟು ಒತ್ತಿದೆ. ಅದನ್ನು ಕೇಳಿಕೊಂಡೇ ಗೇರ್‌ಬಾಕ್ಸು ಯಾವಾಗ ಗೇರು ಬದಲಿಸಬೇಕು, ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಒಳಗಿನ ಪ್ಲೇಟುಗಳನ್ನು ಎಷ್ಟು ಬಿಗಿ ಹಿಡಿಯಬೇಕು ಎಂದು ತೀರ್ಮಾನಿಸುತ್ತಿತ್ತು. ಈ ಡೀಸೆಲ್ಲು ಹಳೆಯ ಕಾಲದ್ದು, ಬರೀ ಕಬ್ಬಿಣ, ಒಂದು ವೈರೂ ಇಲ್ಲ. ಗೇರ್‌ಬಾಕ್ಸಿಗೆ ಈಗ ಕಣ್ಣೂ ಇಲ್ಲ ಕಿವಿಯೂ ಇಲ್ಲ. ಆದ್ದರಿಂದ ಅದನ್ನು ಬಿಚ್ಚಿ ಎಸೆದು ಕೈಗೇರು ಹಾಕಿಬಿಡೋಣ ಎಂದ.

“ಕ್ಲಚ್ ಒತ್ತೋಕೆ ನನಗೆ ಕಾಲೆಲ್ಲಿದೆಯೋ?” ಎಂದಳು.

“ನೀನ್ಯಾಕಕ್ಕ ಒತ್ತಬೇಕು? ನಾನು ಓಡಿಸ್ತೀನಿ. ನೀನು ಆರಾಮಾಗಿ ಮನೇಲಿರು.”

ಆರಾಮ ಎಂದರೇನೆಂದು ಅವಳಿಗೆ ಗೊತ್ತಿತ್ತು. ತಮ್ಮನ ಹೆಂಡತಿ ಸ್ಟೂಲು ಹಾಕಿ ಕೊಡುತ್ತಾಳೆ, ಮುಂದೆ ತರಕಾರಿ ಇಡುತ್ತಾಳೆ, ಹೆಚ್ಚಿದ ಮೇಲೆ ಇಷ್ಟು ದಪ್ಪವಾ ಅತ್ತಿಗೆ ಎಂದು ನಗುನಗುತ್ತಲೇ ಕೇಳುತ್ತಾಳೆ. ಊಟಕ್ಕೆ ಕರೆದಾಗ ಹೋಗಬೇಕು, ಕರೆಯದಿದ್ದರೆ ಕಾಯಬೇಕು. ಅವಳು ಆಸ್ಪತ್ರೆಗೆ ಹೋಗಿ ಬಟ್ಟೆ ವಿಭಾಗದ ಮೇಲ್ವಿಚಾರಕಿಯನ್ನು ಕಂಡು, ಗಾಡಿ ಸರಿಯಾಗುವವರೆಗೆ ಸ್ವಲ್ಪ ದಿನ ಕೊಡಿ ಎಂದು ಕೇಳಿದಳು. ಮೇಲ್ವಿಚಾರಕಿ ಒಳ್ಳೆಯವಳೇ. ತಿಂಗಳ ಕೊನೆಯವರೆಗೆ ಬಾಡಿಗೆ ಟೆಂಪೊದಲ್ಲಿ ಸುಧಾರಿಸುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದಳು. ಹಾಗೇ ಮಾತಿಗೆ ಮಾತು ಬಂದು, ಹೇಗೂ ಮುಂದಿನ ತಿಂಗಳಿಂದ ನಿಮ್ಮ ತಮ್ಮನೇ ಓಡಿಸುತ್ತಾರಂತಲ್ಲ, ಮೊನ್ನೆ ಬಂದು ಹೇಳಿ ಹೋದರು ಎಂದೂ ಅಂದಳು.

ಸಿಡಿಲಕ್ಕ ಕೋಲು ತೆಗೆದುಕೊಂಡು ಹೊರಟಳು. ಮೆಟ್ಟಿಲಿಳಿಯುವಾಗ ಕೋಲು ಊರುವ ಸದ್ದು ಇಡೀ ವರಾಂಡಕ್ಕೆ ಕೇಳಿಸಿತು. ತಮ್ಮನ ಮುಖಕ್ಕೆ ಆಗಲೇ ಉಗಿಯಬಹುದಿತ್ತು. ಆದರೆ ಉಗಿದರೆ ಹೊಟ್ಟೆ ತಣ್ಣಗಾಗುತ್ತದೆಯೇ ಹೊರತು ವ್ಯಾನು ಓಡುವುದಿಲ್ಲ. ಎಂಜಿನ್ ಬದಲಿಸಿದ ಗಾಡಿಗೆ ಇಂಥ ಗೇರ್‌ಬಾಕ್ಸು ಒಗ್ಗಿಸುವ ಕೆಲಸ ಗೊತ್ತಿದ್ದವನು ಆ ಊರಿನಲ್ಲಿ ಒಬ್ಬನೇ, ಅವಳ ಗಂಡ. ಅವನ ಶೆಡ್ಡಿನ ಮುಂದೆ ಅವಳು ಆಟೋದಿಂದ ಇಳಿದಾಗ ಅಕ್ಕಪಕ್ಕದ ಅಂಗಡಿಯವರು ತೂಕ ಮಾಡುತ್ತಿದ್ದ ತಕ್ಕಡಿಯನ್ನು ಹಾಗೇ ಹಿಡಿದು ನಿಂತರು.

ಅವನು ಬೆಂಚಿನ ಮೇಲೆ ವೈರಿಗೆ ಬೆಸುಗೆ ಹಾಕುತ್ತಿದ್ದ. ತಲೆಗೂದಲು ನೆರೆತಿತ್ತು, ಕನ್ನಡಕ ಬಂದಿತ್ತು. ಕೂತುಕೋ ಎನ್ನಲಿಲ್ಲ. ಅವಳೂ ಕುಶಲ ಕೇಳಲಿಲ್ಲ. ಬಂದ ವಿಷಯ ಹೇಳಿದಳು. ಅವನು ಬೆಸುಗೆಯಿಂದ ಕಣ್ಣೆತ್ತದೆ ಕೇಳಿದ.

“ಡೀಸೆಲ್ ಹಾಕಿದ್ಯಾರು?”

“ನನ್ನ ತಮ್ಮ.”

“ಈ ಗೇರ್‌ಬಾಕ್ಸು ಓಡಲ್ಲ ಅಂದನಾ?”

“ಅಂದ.”

“ಹಾಗಾದ್ರೆ ಓಡುತ್ತೆ,” ಎಂದ.

ಅವಳು ಅವನನ್ನು ನೀವು ಎಂದೇ ಮಾತಾಡಿಸಿದಳು. ಮರ್ಯಾದೆಗಲ್ಲ. ನೀನು ಎಂದುಬಿಟ್ಟರೆ ಹತ್ತಿರ ಬಂದ ಹಾಗಾಗುತ್ತದೆ. ತಮ್ಮನ ಶೆಡ್ಡಿಗೆ ನಾನು ಕಾಲಿಡುವುದಿಲ್ಲ ಎಂದು ಅವನು ಷರತ್ತು ಹಾಕಿದ, ಅವನ ಶೆಡ್ಡಿಗೆ ನನ್ನ ಎಂಜಿನ್ ಕಳಿಸುವುದಿಲ್ಲ ಎಂದು ತಮ್ಮ ಹಾರಾಡಿದ. ಎಂಜಿನ್ ಕೂತಿರುವುದು ನನ್ನ ಗಾಡಿಯಲ್ಲಿ, ನೆಟ್ಟಗೆ ನಡೆದುಕೊಳ್ಳದಿದ್ದರೆ ಮೇಲ್ವಿಚಾರಕಿಗೆ ನೀನು ಹೇಳಿ ಬಂದದ್ದನ್ನು ಬೀದಿಯಲ್ಲಿ ಹರಡುತ್ತೇನೆ ಎಂದು ಅವಳು ಹೇಳಿದ ಮೇಲೆ ತಮ್ಮನ ಹಾರಾಟ ಅರ್ಧಕ್ಕೆ ಇಳಿಯಿತು. ಕೊನೆಗೆ ವ್ಯಾನನ್ನು ಲಾಂಡ್ರಿಯ ಅಂಗಳಕ್ಕೆ ಎಳೆಸಿ ನಿಲ್ಲಿಸಿದರು. ಬೆಳಿಗ್ಗೆ ತಮ್ಮ ಬಂದು ಎಂಜಿನ್ ನೋಡಿಕೊಳ್ಳುವುದು, ಅವನು ಹೋದಮೇಲೆ ಇವನು ಬಂದು ವೈರು ನೋಡಿಕೊಳ್ಳುವುದು. ಇಬ್ಬರ ನೆರಳೂ ಒಂದರ ಮೇಲೊಂದು ಬೀಳಬಾರದು.

ಆ ಊರಿನ ಶೆಡ್ಡುಗಳಲ್ಲಿ ಒಂದು ಕಟ್ಟಳೆಯಿತ್ತು. ಒಂದು ಬೋಲ್ಟನ್ನೋ ಸ್ಕ್ರೂವನ್ನೋ ಸರಿಯಾದ ಬಿಗಿಗೆ ತಂದು ನಿಲ್ಲಿಸಿದವನು ಅದರ ಮೇಲೆ ತನ್ನ ಬಣ್ಣದ ಒಂದು ಬೊಟ್ಟು ಇಡುತ್ತಾನೆ. ಇನ್ನೊಬ್ಬ ಅದನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ, ನಿನಗೆ ಕೆಲಸ ಬರುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ ಹಾಗೆ. ಅದಕ್ಕಾಗಿ ತಲೆಗಳು ಒಡೆದದ್ದುಂಟು. ತಮ್ಮನದು ಹಳದಿ, ಗಂಡನದು ಬಿಳಿ. ವ್ಯಾನಿನ ಬಾನೆಟ್ಟಿನ ಕೆಳಗೆ ದಿನದಿನಕ್ಕೂ ಹಳದಿ ಬೊಟ್ಟು, ಬಿಳಿ ಬೊಟ್ಟು ಹೆಚ್ಚುತ್ತ ಹೋದವು. ಹಳದಿಯ ಮಗ್ಗುಲಲ್ಲಿ ಬಿಳಿ ಇಡುವಾಗ ಅವನು ಬೇಕೆಂದೇ ಸ್ವಲ್ಪ ದೊಡ್ಡ ಬೊಟ್ಟು ಇಡುತ್ತಿದ್ದ.

ಅವನು ಮಾಡಿದ್ದು ಇಷ್ಟು. ಊಟದ ಡಬ್ಬಿಯಷ್ಟು ದೊಡ್ಡ ಒಂದು ಕಂಟ್ರೋಲರನ್ನು ಡ್ರೈವರ್ ಸೀಟಿನ ಮಗ್ಗುಲಿಗೆ ಕೂರಿಸಿ ಗೇರ್‌ಬಾಕ್ಸಿನ ವೈರುಗಳನ್ನೆಲ್ಲ ಅದಕ್ಕೆ ಸೇರಿಸಿದ. ಎಂಜಿನ್ನಿಗೆ ಡೀಸೆಲ್ ಊಡುವ ಪಂಪಿನ ಮೇಲೆ ಒಂದು ಲಿವರ್ ಇರುತ್ತದೆ. ಪೆಡಲು ಒತ್ತಿದರೆ ಕೇಬಲ್ಲು ಆ ಲಿವರನ್ನು ಎಳೆಯುತ್ತದೆ. ಲಿವರಿಗೆ ಒಂದು ಸೆನ್ಸರ್ ಕಟ್ಟಿದ. ಕಾಲು ಎಷ್ಟು ಒತ್ತಿದೆ ಎನ್ನುವುದನ್ನು ಇನ್ನು ಮುಂದೆ ಗೇರ್‌ಬಾಕ್ಸಿಗೆ ಹೇಳುವುದು ಆ ಸೆನ್ಸರಿನ ಕೆಲಸ. ಡೀಸೆಲ್ಲು ಪೆಟ್ರೋಲಿನಷ್ಟು ವೇಗವಾಗಿ ತಿರುಗುವುದಿಲ್ಲವಾದ್ದರಿಂದ ಗೇರು ಬದಲಾಗುವ ಮಿತಿಗಳನ್ನೂ ಇಳಿಸಿದ; ಇಲ್ಲದಿದ್ದರೆ ಗೇರ್‌ಬಾಕ್ಸು ಬಾರದ ವೇಗಕ್ಕಾಗಿ ಕಾಯುತ್ತ ಎರಡನೇ ಗೇರಿನಲ್ಲೇ ಕೂತಿರುತ್ತದೆ. ಕೊನೆಯ ಕೆಲಸ ಪಾಠ ಹೇಳುವುದು. ಲಿವರ್ ಪೂರ್ತಿ ಹಿಂದಿದ್ದಾಗ ಕಂಟ್ರೋಲರಿನ ಒಂದು ಗುಂಡಿ ಒತ್ತಬೇಕು, ಕಾಲು ತೆಗೆದಿದ್ದಾರೆ ಎಂದರೆ ಇದು ಎಂದು ಅದು ಕಲಿಯುತ್ತದೆ. ಪೂರ್ತಿ ಮುಂದಿದ್ದಾಗ ಇನ್ನೊಂದು ಗುಂಡಿ, ಪೂರ್ತಿ ಒತ್ತಿದ್ದಾರೆ ಎಂದರೆ ಇದು. ಸೀಟಿನಲ್ಲೊಬ್ಬರು ಕೂತು ಪೆಡಲು ಒತ್ತಿದರೆ ಸುಲಭ. ಅವಳು ಅಂಗಳದಾಚೆ ಲಾಂಡ್ರಿಯ ಕಟ್ಟೆಯ ಮೇಲೆ ಅವನಿಗೆ ಬೆನ್ನು ಹಾಕಿ ಕೂತಿದ್ದಳು. ಬಾ, ಒತ್ತು ಎಂದು ಅವನು ಕರೆಯಲಿಲ್ಲ. ಗುಂಡಿಯ ವೈರನ್ನು ಉದ್ದ ಮಾಡಿಕೊಂಡು, ಒಂದು ಕೈಯಲ್ಲಿ ಲಿವರ್ ಎಳೆದು ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿ, ಒಬ್ಬನೇ ಮುಗಿಸಿದ.

ಬಯಲಿನಲ್ಲಿ ಗಾಡಿ ಬೆಣ್ಣೆಯ ಹಾಗೆ ಹೋಯಿತು. ಅವಳ ಬಾಯಿಗೆ ಒಂದು ಒಳ್ಳೆಯ ಮಾತು ಬಂದೇಬಿಟ್ಟಿತ್ತು, ಹಲ್ಲು ಕಚ್ಚಿ ತಡೆದಳು. ತಡೆದದ್ದು ಒಳ್ಳೆಯದೇ ಆಯಿತು. ಹಸಿ ಬಟ್ಟೆ ಹೇರಿಕೊಂಡು ಆಸ್ಪತ್ರೆಯ ಏರಿಗೆ ಗಾಡಿ ತಿರುಗಿಸಿ ಪೆಡಲನ್ನು ನೆಲಕ್ಕೆ ಒತ್ತಿದರೆ, ಕೆಳಗಿನ ಗೇರಿನಲ್ಲಿ ಎಳೆಯಬೇಕಾದದ್ದು ಸರಕ್ಕನೆ ಮೇಲಿನ ಗೇರಿಗೆ ಹಾರಿತು. ಎಂಜಿನ್ ಗುಡುಗಿತು, ಚಕ್ರ ತಿರುಗಲಿಲ್ಲ. ಒಳಗೆಲ್ಲೊ ಏನೊ ಜಾರುತ್ತಿತ್ತು. ಸೀಟಿನ ಕೆಳಗಿನಿಂದ ಸುಟ್ಟ ವಾಸನೆ ಬಂತು. ಹಿಂದೆ ನಿಂತ ಗಾಡಿಗಳವರ ಹಾರ್ನು, ಬೈಗುಳ ಕೇಳಿಕೊಂಡು, ಅವುಗಳಲ್ಲಿ ಕೆಲವನ್ನು ಬಡ್ಡಿ ಸಮೇತ ಹಿಂದಿರುಗಿಸಿ, ಅವಳು ಬ್ರೇಕಿನ ಮೇಲೆ ಮೆಲ್ಲಗೆ ಹಿಂದಕ್ಕೆ ಇಳಿಸಿಕೊಂಡು ಬಂದಳು.

ಮರುದಿನ ತಮ್ಮ ನೋಡಿದ. ನನ್ನ ಎಂಜಿನ್ ಕಲ್ಲಿನ ಹಾಗಿದೆ, ಆ ಮನುಷ್ಯನ ಡಬ್ಬಿ ಕೆಲಸಕ್ಕೆ ಬಾರದ್ದು ಎಂದ. ಆದರೂ ಇರಲಿ ಎಂದು ಪಂಪಿನಲ್ಲಿ ಡೀಸೆಲ್ ಹೆಚ್ಚಿಸಿ ಹೊಸ ಹಳದಿ ಬೊಟ್ಟು ಇಟ್ಟ. ಮಧ್ಯಾಹ್ನ ಗಂಡ ಬಂದ. ನನ್ನ ಡಬ್ಬಿ ಗಡಿಯಾರದ ಹಾಗಿದೆ, ನಿನ್ನ ತಮ್ಮನ ಎಂಜಿನ್ನಿಗೆ ದಮ್ಮಿಲ್ಲ ಎಂದ. ಆದರೂ ಇರಲಿ ಎಂದು ಮತ್ತೆ ಕೈಯಲ್ಲಿ ಲಿವರ್ ಎಳೆದು ಮತ್ತೆ ಪಾಠ ಹೇಳಿದ. ಎರಡನೆಯ ಸಲ ಏರಿನಲ್ಲಿ ಗಾಡಿ ಇನ್ನೂ ಕೆಟ್ಟದಾಗಿ ಜಾರಿತು, ಹೊಗೆಯಂತೂ ಕಾಡಿಗೆಯ ಹಾಗೆ ಬಂತು. ಗಂಡ ಗೇರ್‌ಬಾಕ್ಸಿನ ಆಯಿಲ್ ಅಳೆಯುವ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ ತೋರಿಸಿದ. ಕೆಂಪಗಿರಬೇಕಾದ ಆಯಿಲ್ ಹಳಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಸಲ ಹೀಗಾದರೆ ಒಳಗಿನ ಪ್ಲೇಟುಗಳು ಬೂದಿ, ಈ ಜಾತಿಯ ಇನ್ನೊಂದು ಗೇರ್‌ಬಾಕ್ಸು ಗುಜರಿಯಲ್ಲೂ ಸಿಗುವುದಿಲ್ಲ ಎಂದ. ಹೇಳುವಾಗ ಅವನ ದನಿಯಲ್ಲಿ ದುಃಖವೇನೂ ಇರಲಿಲ್ಲ, ತಪ್ಪು ತನ್ನದಲ್ಲ ಎಂಬ ನೆಮ್ಮದಿಯಿತ್ತು. ಆ ನೆಮ್ಮದಿಯ ಪರಿಚಯ ಅವಳಿಗೆ ಚೆನ್ನಾಗಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಕೆಳಗಿನ ಮನೆಯ ಸಣ್ಣ ಕೋಣೆಯನ್ನು ಗುಡಿಸಿಟ್ಟಿದ್ದೇನೆ, ಇನ್ನು ಮೇಲೆ ಅತ್ತಿಗೆ ಮಹಡಿ ಹತ್ತುವುದೇಕೆ ಎಂದಳು. ಮಹಡಿ ಕೋಣೆಗೆ ಬೇರೆ ಬಾಗಿಲು, ಬೇರೆ ಒಲೆ ಇತ್ತು. ಕೆಳಗಿನ ಕೋಣೆಗೆ ಅಡುಗೆಮನೆ ದಾಟಿಯೇ ಹೋಗಬೇಕು. ಭಯವಾಯಿತು ಅವಳಿಗೆ, ಬರೀ ಭಯ. ನೀರು ಕುಡಿದು ಎದ್ದು, ನಾಳೆ ಬೆಳಿಗ್ಗೆ ಲಾಂಡ್ರಿ ಅಂಗಳಕ್ಕೆ ಬಾ ಎಂದು ತಮ್ಮನಿಗೆ ಹೇಳಿದಳು. ಆಮೇಲೆ ಮೇಲೆ ಹೋಗಿ ಗಂಡನಿಗೆ ಫೋನು ಮಾಡಿ ಅವನಿಗೂ ಅದೇ ಹೊತ್ತು ಹೇಳಿದಳು. ಇನ್ನೊಬ್ಬ ಬರುತ್ತಾನೆ ಎಂಬುದನ್ನು ಇಬ್ಬರಿಗೂ ಹೇಳಲಿಲ್ಲ.

ಬೆಳಿಗ್ಗೆ ಒಬ್ಬ ಗೇಟಿನೊಳಗೆ, ಒಬ್ಬ ಗೇಟಿನಾಚೆ ನಿಂತು ಅವಳ ಮೇಲೆ ಕೆಂಡ ಕಾರಿದರು. ಅವಳು ವ್ಯಾನಿನ ಮೆಟ್ಟಿಲ ಮೇಲೆ ಎಡಗಾಲು ಚಾಚಿಕೊಂಡು ಕೂತು ಮುಗಿಯುವವರೆಗೆ ಕೇಳಿದಳು. ಹೊರಡುವವರು ಹೊರಡಿ, ಮೊದಲು ಹೊರಟವನದೇ ತಪ್ಪು ಎಂದು ಬೀದಿಗೆಲ್ಲ ಹೇಳುತ್ತೇನೆ ಎಂದಳು. ಇಬ್ಬರೂ ಕದಲಲಿಲ್ಲ. ಲಾಂಡ್ರಿಯ ಹೆಂಗಸರು ಬಟ್ಟೆ ಹಿಂಡುವುದನ್ನು ಬಿಟ್ಟು ಕಿಟಕಿಗೆ ಬಂದರು.

ತಮ್ಮ ತನ್ನ ಎಂಜಿನ್ನಿನ ದಮ್ಮು ತೋರಿಸುವುದಕ್ಕೆ ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಪಂಪಿನ ಲಿವರನ್ನು ಕೈಯಲ್ಲಿ ಹಿಡಿದು ಕೊನೆಯವರೆಗೆ ಎಳೆದ. ಎಂಜಿನ್ ಅರಚಿತು. ಅಂಗಳದ ತಗಡೆಲ್ಲ ನಡುಗಿತು. ಕೇಳಿಸಿತಾ, ಇದಕ್ಕೆ ದಮ್ಮಿಲ್ಲವಂತೆ, ಎಂದು ಅವನು ಗಾಳಿಯೊಡನೆ ಮಾತಾಡಿದ. ಗಂಡ ತನ್ನ ಮೀಟರನ್ನು ಸೆನ್ಸರಿಗೆ ಹಚ್ಚಿ, ಲಿವರ್ ಎಲ್ಲಿದೆಯೊ ಡಬ್ಬಿ ಅಲ್ಲೇ ತೋರಿಸುತ್ತದೆ, ಕೂದಲೆಳೆ ತಪ್ಪಿಲ್ಲ ಎಂದು ಅವನೂ ಗಾಳಿಗೇ ಹೇಳಿದ. ಎಂಜಿನ್ ಸರಿ, ಡಬ್ಬಿ ಸರಿ. ಆಮೇಲೆ ತಮ್ಮ ಅವಳ ಕಡೆ ತಿರುಗಿದ.

“ಅಕ್ಕ, ನೀನು ಪೂರ್ತಿ ಒತ್ತಲ್ಲ. ಏರು ನೋಡಿ ಹೆದರ್ತೀಯ.”

ಗಂಡ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. “ಅದೇ ಇರಬೇಕು,” ಎಂದ. “ಕಾಲಿಂದೇ ತೊಂದರೆ.”

ಶೆಡ್ಡು ಒಡೆದ ಮೇಲೆ ಇಬ್ಬರೂ ಒಂದು ವಿಷಯ ಒಪ್ಪಿಕೊಂಡದ್ದು ಅದೇ ಮೊದಲು. ಒಪ್ಪಿಕೊಂಡ ಸಮಾಧಾನದಲ್ಲಿ ಒಬ್ಬರ ಮುಖ ಒಬ್ಬರು ನೋಡಿಯೂಬಿಟ್ಟರು. ಅವಳ ರಕ್ತ ನೆತ್ತಿಗೇರಿತು. ಬೈಕು, ತಿರುವು, ಹಾಸಿಗೆಯ ಸುತ್ತ ನಿಂತು ತಲೆಯಾಡಿಸಿದ ನೆಂಟರು ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತರು. ಕೈಯಲ್ಲಿದ್ದ ಕೋಲನ್ನು ಒಬ್ಬನ ಬೆನ್ನಿಗೆ ಬಿಡಬೇಕು ಅನ್ನಿಸಿತು. ಯಾರ ಬೆನ್ನಿಗೆ ಮೊದಲು ಎಂದು ತೀರ್ಮಾನವಾಗದೆ ಸುಮ್ಮನಾದಳು. ಆ ಸಿಟ್ಟಿನ ನಡುವೆಯೇ ಬೇರೊಂದು ತಲೆಯಲ್ಲಿ ಕೊರೆಯುತ್ತಿತ್ತು. ಈಗ ತಮ್ಮ ಲಿವರ್ ಎಳೆದಾಗ ಎಂಜಿನ್ ಅರಚಿತಲ್ಲ, ಆ ಅರಚಾಟವನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಏರಿನಲ್ಲಿ ಹಿಮ್ಮಡಿ ನೋಯುವಷ್ಟು ಒತ್ತಿದಾಗಲೂ ಅದು ಗುಡುಗಿತ್ತು, ಹೀಗೆ ಅರಚಿರಲಿಲ್ಲ.

ಅವಳು ಎದ್ದು ಸೀಟಿಗೆ ಹತ್ತಿದಳು. ಎಂಜಿನ್ ಆರಿಸಿದಳು. ಬಲಗಾಲಿನಿಂದ ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದಳು. ಪೆಡಲಿನ ಕೆಳಗಿನ ರಬ್ಬರು ಅವಳ ಪಾದ ಒತ್ತಿ ಒತ್ತಿಯೇ ತೂತು ಬಿದ್ದಿತ್ತು, ತಗಡು ಕಾಣುತ್ತಿತ್ತು.

“ಪೆಡಲು ತಗಡಿಗೆ ತಾಗಿದೆ. ಬಂದು ನೋಡಿ,” ಎಂದಳು. ತಮ್ಮ ಬಗ್ಗಿ ನೋಡಿದ. ಗಂಡ ಆ ಕಡೆಯ ಬಾಗಿಲಿನಿಂದ ನೋಡಿದ. ತಾಗಿತ್ತು.

“ಕಾಲು ತೆಗೆಯಲ್ಲ ನಾನು. ಈಗ ಹೋಗಿ ಲಿವರ್ ನೋಡಿ. ಇಬ್ಬರೂ.”

ಇಬ್ಬರೂ ಅನ್ನುವುದು ಇಬ್ಬರಿಗೂ ಒಗ್ಗಲಿಲ್ಲ. ಒಂದೇ ಬಾನೆಟ್ಟಿನ ಕೆಳಗೆ ಎರಡು ತಲೆ ಇಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ ಎಂದು ಅವಳು ಗದರಿದಳು. ಆ ಕಡೆಯಿಂದೊಂದು, ಈ ಕಡೆಯಿಂದೊಂದು ತಲೆ ಬಗ್ಗಿದವು. ಸೀಟಿನಿಂದ ಅವಳಿಗೆ ಕಾಣುತ್ತಿದ್ದದ್ದು ಎತ್ತಿದ ಬಾನೆಟ್ಟಿನ ತಗಡು ಮಾತ್ರ.

ಬಾನೆಟ್ಟಿನ ಕೆಳಗೆ ಲಿವರ್ ಅರ್ಧ ದಾರಿಗಿಂತ ಸ್ವಲ್ಪ ಮುಂದೆ ಹೋಗಿ ನಿಂತಿತ್ತು. ಅದು ಹೋಗಿ ತಾಗಬೇಕಾದ ಸ್ಕ್ರೂವಿಗೂ ಲಿವರಿಗೂ ನಡುವೆ ಗಂಡನ ಎರಡು ಬೆರಳು ಧಾರಾಳವಾಗಿ ಹಿಡಿಸಿದವು. ಪೆಡಲಿನಿಂದ ಲಿವರಿಗೆ ಬರುವ ಕೇಬಲ್ಲು ಹಳೆಯ ಪೆಟ್ರೋಲ್ ಎಂಜಿನ್ನಿನದೇ, ಹೊಸ ಜಾಗದಲ್ಲಿ ಸಡಿಲವಾಗಿ ನೇತಾಡುತ್ತಿತ್ತು. ಕೈಯಲ್ಲಿ ಎಳೆದರೆ ಲಿವರ್ ಕೊನೆಯವರೆಗೂ ಹೋಗುತ್ತದೆ, ಕಾಲಲ್ಲಿ ಒತ್ತಿದರೆ ಹೋಗುವುದಿಲ್ಲ. ಡಬ್ಬಿಗೆ ಪಾಠ ಹೇಳಿದ್ದು ಕೈ, ಗಾಡಿ ಓಡಿಸಿದ್ದು ಕಾಲು. ಏರಿನಲ್ಲಿ ಅವಳು ನೆಲಕ್ಕೆ ಒತ್ತಿದಾಗಲೂ, ಈ ಹೆಂಗಸಿಗೆ ಅವಸರವಿಲ್ಲ, ಅರ್ಧ ಒತ್ತಿದ್ದಾಳೆ ಎಂದುಕೊಂಡು ಡಬ್ಬಿ ಮೇಲಿನ ಗೇರು ಕೊಟ್ಟಿತು, ಪ್ಲೇಟುಗಳನ್ನು ಸಡಿಲ ಹಿಡಿಯಿತು. ತಮ್ಮ ಡೀಸೆಲ್ ಹೆಚ್ಚಿಸಿದ್ದರಿಂದ ಸಡಿಲ ಹಿಡಿದ ಪ್ಲೇಟುಗಳ ಮೇಲೆ ಇನ್ನಷ್ಟು ಭಾರ ಬಿದ್ದು ಅವು ಇನ್ನಷ್ಟು ಜಾರಿದವು. ಇಬ್ಬರಲ್ಲಿ ಯಾರಾದರೂ ಒಂದು ಸಲ, ಒಂದೇ ಒಂದು ಸಲ, ಸ್ವಲ್ಪ ಪೆಡಲು ಒತ್ತು ಎಂದು ಅವಳನ್ನು ಕರೆದಿದ್ದರೆ ಮೊದಲ ದಿನವೇ ಕಾಣುತ್ತಿತ್ತು.

ಕೇಬಲ್ಲಿನ ಬಿಗಿ ಹೊಂದಿಸುವ ನಟ್ಟಿನ ಮೇಲೆ ಹಳದಿ ಬೊಟ್ಟೂ ಇರಲಿಲ್ಲ, ಬಿಳಿ ಬೊಟ್ಟೂ ಇರಲಿಲ್ಲ. ಬಾನೆಟ್ಟಿನ ಕೆಳಗೆ ಬಣ್ಣ ಕಾಣದ ನಟ್ಟು ಅದೊಂದೇ. ಅದು ಪೆಡಲಿನ ಸಾಮಾನು, ಎಂಜಿನ್ನಿನದಲ್ಲ ಎಂದು ತಮ್ಮ ಗೊಣಗಿದ. ಅದು ಕಬ್ಬಿಣದ ಹಗ್ಗ, ವೈರಿನವನ ಕೆಲಸವಲ್ಲ ಎಂದು ಗಂಡ ಗೊಣಗಿದ. ಅವಳು ಇಳಿದು ಬಂದು ನೋಡಿದಳು. ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದಳು. ಬೈಯಲು ಬೇಕಾದಷ್ಟಿತ್ತು, ಬೈದರೆ ಇವರಿಗೆ ಹಗುರವಾಗುತ್ತದೆ ಎಂದು ಬಿಟ್ಟಳು.

ತನ್ನ ಕೋಲಿನ ತುದಿಯನ್ನು ಪೆಡಲಿಗೆ ಊರಿ, ಸೀಟನ್ನು ಮುಂದಕ್ಕೆ ತಳ್ಳಿ ಕೋಲನ್ನು ಎರಡರ ನಡುವೆ ಸಿಕ್ಕಿಸಿದಳು. ಪೆಡಲು ನೆಲಕ್ಕಂಟಿ ನಿಂತಿತು. ತಮ್ಮನ ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದುಕೊಂಡು, ಗಾಡಿಯನ್ನೇ ಹಿಡಿದುಕೊಂಡು ಕುಂಟುತ್ತ ಮುಂದೆ ಹೋದಳು. ಕೊಡು ಅಕ್ಕ ಎಂದು ತಮ್ಮ ಕೈ ಚಾಚಿದ. ಅವಳು ಸ್ಪ್ಯಾನರ್ ಎತ್ತಿದ ರೀತಿಗೆ ಕೈ ತಾನಾಗಿ ಹಿಂದೆ ಹೋಯಿತು. ಲಿವರ್ ಸ್ಕ್ರೂವಿಗೆ ಟಕ್ಕೆಂದು ತಾಗುವವರೆಗೆ ನಟ್ಟು ತಿರುಗಿಸಿ ಬಿಗಿದಳು. ಆಮೇಲೆ ಗೂಡಿನಿಂದ ಮಸಿಯ ಶೀಶೆ ತರಿಸಿ, ವಾರ್ಡಿನ ಗುರುತು ಹಾಕುವ ಕಡ್ಡಿಯಿಂದ ಆ ನಟ್ಟಿನ ಮೇಲೆ ಒಂದು ದಪ್ಪ ಕಪ್ಪು ಬೊಟ್ಟು ಇಟ್ಟಳು. ಶೀಶೆ ತಂದುಕೊಟ್ಟವನು ಗಂಡ. ಅದನ್ನು ಅವಳು ಗಮನಿಸದ ಹಾಗೆ ಇದ್ದಳು.

ಹೆಚ್ಚಿಸಿದ ಡೀಸೆಲ್ಲನ್ನು ಮೊದಲಿದ್ದಷ್ಟಕ್ಕೆ ಇಳಿಸು ಎಂದು ತಮ್ಮನಿಗೆ ಹೇಳಿದಳು, ಇಳಿಸಿದ. ಆಯಿಲ್ ಬದಲಿಸಿ ಎಂದು ಗಂಡನಿಗೆ ಹೇಳಿದಳು, ಬದಲಿಸಿದ. ಕಂಟ್ರೋಲರಿಗೆ ಮತ್ತೆ ಪಾಠ ಹೇಳಬೇಕಾದಾಗ ಅವನು ಬಂದು ಬಾಗಿಲ ಬಳಿ ನಿಂತು, ನಾನು ಗುಂಡಿ ಒತ್ತುತ್ತೇನೆ, ನೀನು ಪೆಡಲು ಒತ್ತು ಎಂದ. ಡಬ್ಬಿ ಸೀಟಿನ ಮಗ್ಗುಲಲ್ಲೇ ಇತ್ತು. ಬೇಕಾಗಿಲ್ಲ ಎಂದಳು. ಕಾಲು ತೆಗೆದು ಒಂದು ಗುಂಡಿ ಒತ್ತಿದಳು, ಪೆಡಲನ್ನು ನೆಲಕ್ಕೆ ಒತ್ತಿ ಇನ್ನೊಂದು ಗುಂಡಿ ಒತ್ತಿದಳು. ಹೊರಗಿನವರಿಗೆ ಇಬ್ಬರು ಬೇಕಾದ ಕೆಲಸ ಸೀಟಿನಲ್ಲಿ ಕೂತವಳಿಗೆ ಒಬ್ಬಳಿಂದಲೇ ಆಗಿಹೋಯಿತು. ಗಂಡಸರಿಬ್ಬರಿಗೂ ಮಾಡಲು ಏನೂ ಉಳಿಯದೆ ಗೇಟಿನ ಎರಡು ಕಂಬಕ್ಕೆ ಒಬ್ಬೊಬ್ಬರು ಒರಗಿ ನಿಂತರು.

ಹಸಿ ಬಟ್ಟೆ ಹೇರಿಸಿಕೊಂಡಳು. ಯಾರನ್ನೂ ಜೊತೆಗೆ ಹತ್ತಿಸಿಕೊಳ್ಳಲಿಲ್ಲ. ಏರಿನ ಬುಡದಲ್ಲಿ ಅವಳು ಗಾಡಿಯ ವೇಗ ಇಳಿಸಿದಳು; ಪ್ಲೇಟುಗಳು ಆಗಲೇ ಸುಟ್ಟುಹೋಗಿದ್ದರೆ ಈಗ ಕೇಬಲ್ ಸರಿಯಾಗಿಯೂ ಪ್ರಯೋಜನವಿಲ್ಲ, ಕೆಳಗಿನ ಕೋಣೆ ಗುಡಿಸಿ ಇಟ್ಟದ್ದು ಸಾರ್ಥಕವಾಗುತ್ತದೆ. ಒತ್ತಿದಳು. ಎಂಜಿನ್ ಗುಡುಗಿತು, ಆಮೇಲೆ ಮೊದಲ ಬಾರಿಗೆ ಅವಳ ಕಾಲ ಕೆಳಗೆ ಅರಚಿತು. ಗೇರ್‌ಬಾಕ್ಸು ಒಂದು ಏಟು ಕೊಟ್ಟ ಹಾಗೆ ಕೆಳಗಿನ ಗೇರಿಗೆ ಇಳಿದು ಗಟ್ಟಿಯಾಗಿ ಹಿಡಿಯಿತು. ವ್ಯಾನು ಮೇಲಕ್ಕೆ ಹೊರಟಿತು. ವೇಗವೇನಿಲ್ಲ, ಒಬ್ಬ ಸೈಕಲ್ಲಿನವನು ಪಕ್ಕದಲ್ಲೇ ತಳ್ಳಿಕೊಂಡು ಬರುತ್ತಿದ್ದ. ಆದರೆ ಎಲ್ಲೂ ಜಾರಲಿಲ್ಲ. ಆಸ್ಪತ್ರೆಯ ಗೇಟು ಕಂಡಾಗ ಅವಳಿಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟು ಬಂತು, ಆ ಸಿಟ್ಟನ್ನು ಗೇಟಿಗೆ ಅಡ್ಡವಾಗಿ ನಿಂತಿದ್ದ ಬಾಡಿಗೆ ಟೆಂಪೊದವನ ಮೇಲೆ ತೀರಿಸಿಕೊಂಡಳು.

ಖಾಲಿ ಗಾಡಿಯೊಂದಿಗೆ ಕೆಳಗೆ ಬಂದಾಗ ಇಬ್ಬರೂ ಕಂಬಗಳ ಬಳಿಯೇ ಇದ್ದರು. ತಮ್ಮನಿಗೆ, ಗಾಡಿ ಅಕ್ಕನೇ ಓಡಿಸುತ್ತಾಳೆ ಎಂದು ಮೇಲ್ವಿಚಾರಕಿಗೆ ನೀನೇ ಹೋಗಿ ಹೇಳು, ಹೇಳಿ ಬಂದವನು ನೀನೇ ತಾನೇ ಎಂದಳು. ಅವನು ಉಗುಳು ನುಂಗಿಕೊಂಡು ತಲೆಯಾಡಿಸಿದ. ಕೆಳಗಿನ ಕೋಣೆಗೆ ನಿನ್ನ ಹಳೆಯ ಟೈರುಗಳನ್ನು ತುಂಬಿಸಿಕೋ ಎಂದೂ ಸೇರಿಸಿದಳು.

ಗಂಡ ಆಯಿಲಿನ ಕಡ್ಡಿ ಎಳೆದು ಒರೆಸಿ ನೋಡಿದ. ಕೆಂಪಗೇ ಇತ್ತು. ಕಡ್ಡಿ ಮತ್ತೆ ಸಿಕ್ಕಿಸಿ, ಬಾನೆಟ್ ಇಳಿಸಿ, ಅವಳ ಕಿಟಕಿಯ ಬಳಿ ಬಂದು ಕಿಟಕಿಯಂಚಿಗೆ ಕೈ ಇಟ್ಟ. ಅವಳನ್ನು ನೋಡದೆ ಸ್ಟಿಯರಿಂಗನ್ನು ನೋಡುತ್ತ ಹೇಳಿದ.

“ಕಾಲಿಂದು ತಪ್ಪಿರಲಿಲ್ಲ.”

“ಗೊತ್ತು,” ಎಂದಳು. “ಬೈಕಿಂದ ಬಿದ್ದ ದಿನವೂ ಗೊತ್ತಿತ್ತು.”

ಅವನ ಬಾಯಿ ತೆರೆಯಿತು. ಮಾತು ಹುಡುಕುತ್ತಿದ್ದ. ಅವಳು ಅದು ಬರುವವರೆಗೆ ಕಾಯಬಹುದಿತ್ತು. ಇಷ್ಟು ವರ್ಷ ಕಾದವಳಿಗೆ ಇನ್ನೊಂದು ನಿಮಿಷ ದೊಡ್ಡದಾಗಿರಲಿಲ್ಲ. ಕಂಬದ ಬಳಿಯಿಂದ ತಮ್ಮ ಇತ್ತಲೇ ನೋಡುತ್ತಿದ್ದ, ಲಾಂಡ್ರಿಯ ಹೆಂಗಸರು ಕಿಟಕಿಯಲ್ಲಿದ್ದರು.

“ಕೈ ತೆಗೀರಿ,” ಎಂದಳು. “ಸಂಜೆ ಎರಡನೇ ಲೋಡಿದೆ.”

ಅವನು ತೆಗೆದ. ಅವಳು ಬಲಗಾಲನ್ನು ಒಂದು ಪೆಡಲಿನಿಂದ ಎತ್ತಿ ಇನ್ನೊಂದರ ಮೇಲೆ ಇಟ್ಟು, ಒತ್ತಿದಳು.